ಬಿಳಿ ಒಂದರ ರಾಜ, ಬಿಳಿ ಐದರ ರಾಣಿ

ಮಿಲ್ಲಿನ ಉಗ್ರಪ್ಪನವರು ತಮ್ಮ ಹುಳುಕು ಹಲ್ಲನ್ನು ಚಳ್ಳಕೆರೆಯಲ್ಲೇ ಕೀಳಿಸಿಕೊಂಡಿದ್ದರೆ ಪಾತಣ್ಣನ ಪಾಡಿಗೆ ಪಾತಣ್ಣ ತಣ್ಣಗಿರುತ್ತಿದ್ದ. ಆದರೆ ಎಣ್ಣೆ ಮಿಲ್ಲು, ಇಂಗ್ಲಿಷ್ ಸ್ಕೂಲು ಎರಡೂ ಇಟ್ಟುಕೊಂಡವರ ಹಲ್ಲು ಚಳ್ಳಕೆರೆಯಂಥ ಊರಲ್ಲಿ ಬೀಳುವುದುಂಟೇ? ಅದು ಬೆಂಗಳೂರಿನಲ್ಲೇ ಬೀಳಬೇಕು. ಬಿತ್ತು. ಬೀಳುವಾಗ ಆ ಡಾಕ್ಟರ ಕೋಣೆಯಲ್ಲಿ ಪಿಯಾನೊ ಸಂಗೀತ ಹಾಕಿದ್ದರಂತೆ. ನೋವೇ ಆಗಲಿಲ್ಲವಂತೆ. ಬುದ್ಧಿ ಇದ್ದವನಾದರೆ ಒಸಡಿಗೆ ಚುಚ್ಚಿದ ಇಂಜೆಕ್ಷನ್ನಿಗೆ ಕೈಮುಗಿಯುತ್ತಿದ್ದ. ಉಗ್ರಪ್ಪನವರು ಪಿಯಾನೊಗೆ ಮುಗಿದರು.

"ಇದು ಸೊನಾಟ ಅಂತ. ಇದು ಅದರ ಮೊದಲನೇ ಭಾಗ. ದೊಡ್ಡ ದೊಡ್ಡ ಸ್ಕೂಲುಗಳಲ್ಲಿ ಮಕ್ಕಳಿಗೆ ಇದನ್ನ ಬಿಡಿಸಿ ಬಿಡಿಸಿ ವಿವರಿಸ್ತಾರೆ, ತಲೆ ಚುರುಕಾಗುತ್ತೆ" ಎಂದು ಡಾಕ್ಟರು ಅವರ ಬಾಯಿಗೆ ಹತ್ತಿ ತುರುಕುತ್ತಾ ಕಿವಿಯ ಹತ್ತಿರ ಬಗ್ಗಿ ಹೇಳಿದ್ದೇ ತಡ, ಅದು ನಮ್ಮ ಸ್ಕೂಲಿಗೂ ಬೇಕೆಂದು ಉಗ್ರಪ್ಪನವರು ಹಟ ಹಿಡಿದರು. ಆದರೆ ಹೊಸ ಕ್ಯಾಸೆಟ್ಟಿಗೆ ದುಡ್ಡು ಬಿಚ್ಚುವ ಕೈಯೇ ಅದು? ಮಿಲ್ಲಿನ ಎಣ್ಣೆಯ ಪ್ರಚಾರಕ್ಕೆಂದು ಆಟೋದಲ್ಲಿ ಹಾಕಿ ಊರೂರು ಕೂಗಿಸುತ್ತಿದ್ದ ಹಳೇ ಕ್ಯಾಸೆಟ್ಟೊಂದು ಕಾರಿನಲ್ಲಿ ಬಿದ್ದಿತ್ತು. ಅದನ್ನೇ ಡಾಕ್ಟರ ಕೈಗಿಟ್ಟು, ಅದರ ಮೇಲೆಯೇ ಸೊನಾಟ ಇಳಿಸಿಕೊಂಡು, ಊದಿದ ಕೆನ್ನೆ ಹೊತ್ತು ಊರಿಗೆ ಬಂದರು.

ಪಾತಣ್ಣ ಆ ಸ್ಕೂಲಿನ ಸಂಗೀತದ ಮೇಷ್ಟ್ರು. ಮಿಲ್ಲಿನ ಹಿಂದಿನ ಗೋದಾಮಿಗೆ ಸುಣ್ಣ ಬಳಿದು ಮಾಡಿದ ಸ್ಕೂಲು ಅದು. ಬೋರ್ಡಿನ ಮೇಲೆ ಏನು ಹೆಸರು ಬರೆಸಿದ್ದರೂ ಊರವರ ಬಾಯಲ್ಲಿ ಅದು ಮಿಲ್ ಸ್ಕೂಲು. ಪಾತಣ್ಣನ ಹುಟ್ಟೂರು ಮೊಳಕಾಲ್ಮುರು ಕಡೆಯ ದೇವಸಮುದ್ರ. ಒಂದು ಕಾಲಕ್ಕೆ ರಾಂಪುರದಿಂದ ಚಳ್ಳಕೆರೆಯವರೆಗೆ ಯಾವ ಊರಲ್ಲಿ ಪೌರಾಣಿಕ ನಾಟಕ ಕಟ್ಟಿದರೂ ಹಾರ್ಮೋನಿಯಂ ಅವನದೇ. ಆಗಿನಿಂದ ಅವನಿಗೊಂದು ಗರ್ವ. ಹಾರ್ಮೋನಿಯಂ ಬಿಟ್ಟು ಮಿಕ್ಕಿದ್ದೆಲ್ಲ ಸದ್ದು, ಸಂಗೀತವಲ್ಲ ಎಂಬುದು ಅವನ ತೀರ್ಮಾನ. ಈ ತೀರ್ಮಾನವನ್ನು ಯಾರೂ ಕೇಳಿರಲಿಲ್ಲ, ಆದರೂ ಹೇಳುತ್ತಿದ್ದ. ಈಗೀಗ ಹಳ್ಳಿಯವರು ನಾಟಕಕ್ಕೆ ಬಳ್ಳಾರಿಯಿಂದ ಕ್ಯಾಸಿಯೋ ಕೀಬೋರ್ಡಿನ ಹುಡುಗರನ್ನು ಕರೆಸತೊಡಗಿದ ಮೇಲೆ ಅವನ ಪಾಲಿಗೆ ಉಳಿದದ್ದು ಮಿಲ್ ಸ್ಕೂಲಿನ ಕೆಲಸವೊಂದೇ. ಅದೂ ಟೆಂಪರ್ವರಿ. "ಬರೋ ಜೂನಿಗೆ ಕಾಯಂ ಮಾಡ್ತೀನಿ ಮೇಷ್ಟ್ರೇ" ಎಂದು ಉಗ್ರಪ್ಪನವರು ಪ್ರತಿ ಜೂನಿನಲ್ಲೂ ತಪ್ಪದೆ ಹೇಳುತ್ತಿದ್ದರು.

ಪಾತಣ್ಣ ಕಾದ. ಅವನ ಹೆಂಡತಿ ಯರ್ರಮ್ಮನಿಗೆ ಕಾಯಲಾಗಲಿಲ್ಲ. ಹೋದ ವಾರ ರಾಂಪುರದ ತೌರಿಗೆ ಹೋದವಳು "ನಮ್ಮೋರು ಕಾಯಂ ಆದ್ರು" ಎಂದು ಹೇಳಿಬಿಟ್ಟು ಬಂದಳು. ತೌರಿನವರಿಗೆ ಎಷ್ಟು ಸಂತೋಷವಾಯಿತೆಂದರೆ ಭಾನುವಾರ ಹೋಳಿಗೆ ಊಟಕ್ಕೆ ಬರುತ್ತೇವೆಂದು ಹೇಳಿ ಕಳಿಸಿದರು. ಉಗ್ರಪ್ಪನವರು ಕ್ಯಾಸೆಟ್ ಹಿಡಿದು ಪಾತಣ್ಣನನ್ನು ಮಿಲ್ಲಿನ ಆಫೀಸಿಗೆ ಕರೆಸಿದ್ದು ಅದರ ಹಿಂದಿನ ದಿನ, ಶನಿವಾರ ಬೆಳಿಗ್ಗೆ.

"ಮೇಷ್ಟ್ರೇ, ಇದ್ರಾಗೆ ಸೊನಾಟ ಐತೆ. ಸಾಯಂಕಾಲ ಸ್ಕೂಲ್ ಕಮಿಟಿ ಮುಂದೆ ನೀವು ಬಿಡಿಸಿ ಹೇಳ್ಬೇಕು" ಎಂದರು ಉಗ್ರಪ್ಪನವರು.

"ಸೊ... ಏನಂದ್ರಿ ಯಜಮಾನ್ರೇ?"

"ಸೊನಾಟ! ಶೇಂಗಾ ಸುಲ್ದಂಗೆ ಸುಲೀಬೇಕು. ಸಿಪ್ಪೆ ಯಾವುದು, ಕಾಳು ಯಾವುದು, ಎಣ್ಣೆ ಎಲ್ಲೈತೆ, ಎಲ್ಲಾ ತೋರಿಸ್ಬೇಕು."

"ನಾನು ನಾಟಕದ ಪೆಟ್ಟಿಗೆಯೋನು. ಇದು ಪರದೇಶದ್ದು. ನಂಗೆಂಗೆ..."

"ಏನು?"

ಇಲ್ಲೊಂದು ವಿಷಯ ಹೇಳಬೇಕು. ಜೀವಮಾನವೆಲ್ಲ ಮಿಲ್ಲಿನ ಗಾಣಗಳ ಗದ್ದಲದಲ್ಲೇ ಕಳೆದ ಉಗ್ರಪ್ಪನವರಿಗೆ ಕಿವಿ ಮುಕ್ಕಾಲು ಹೋಗಿತ್ತು. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಅವರ ಪ್ರಕಾರ ಯಾರಿಗೂ ಗೊತ್ತಿರಲಿಲ್ಲ. "ಜೋರಾಗಿ ಹೇಳ್ಲಾ ಯಜಮಾನ್ರೇ?" ಎಂದು ಪಾಪ, ಒಳ್ಳೇ ಮನಸ್ಸಿನಿಂದ ಕೇಳಿದ ಗುಮಾಸ್ತನೊಬ್ಬ ಅದೇ ಸಂಜೆ ಕೆಲಸ ಕಳೆದುಕೊಂಡಿದ್ದ. ಅಂದಿನಿಂದ ಎಲ್ಲರೂ ಅವರೊಂದಿಗೆ ಸಣ್ಣ ದನಿಯಲ್ಲೇ ಮಾತಾಡುತ್ತಿದ್ದರು. ಅವರು ಕೇಳಿಸಿದಂತೆ ತಲೆ ಆಡಿಸುತ್ತಿದ್ದರು. ಆಡಳಿತ ಹೀಗೆ ಸುಸೂತ್ರವಾಗಿ ನಡೆದಿತ್ತು.

"ಆಗ್ಲಿ ಅಂದೆ" ಎಂದ ಪಾತಣ್ಣ.

"ಚೆನ್ನಾಗಿ ಹೇಳಿದ್ರೆ ಇವತ್ತೇ ಕಾಯಂ. ಇಲ್ಲಾಂದ್ರೆ ಸೋಮವಾರದಿಂದ ಬಳ್ಳಾರಿ ಕ್ಯಾಸಿಯೋ ಹುಡುಗ ಬರ್ತಾನೆ. ಹೋಗ್ರಿ, ತಯಾರಾಗ್ರಿ."

ಪಾತಣ್ಣ ಕ್ಯಾಸೆಟ್ಟನ್ನು ಜೇಬಿಗಿಟ್ಟುಕೊಂಡು ಮನೆಗೆ ಓಡಿದ. ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಪಕ್ಕದ ಮನೆಯ ಆಟೋ ದುರುಗಣ್ಣನ ಹತ್ತಿರ ಒಂದಿತ್ತು. ಅದರ ವಯಸ್ಸು ದುರುಗಣ್ಣನಿಗೂ ಗೊತ್ತಿರಲಿಲ್ಲ. ಅವನು ಅದನ್ನು ಜಗಲಿಯ ಮೇಲೆ ತಂದಿಟ್ಟು, ಯಂತ್ರವಿದ್ಯೆಯನ್ನು ಧಾರೆ ಎರೆಯುವವನ ಗತ್ತಿನಲ್ಲಿ ಹೇಳಿದ:

"ನೋಡ್ಲೇ ಪಾತ, ಹಾಡೋ ಗುಂಡಿ ಒಂದೇ ಒತ್ತಿದ್ರೆ ನಿಲ್ಲಲ್ಲ, ಟಕ್ ಅಂತ ಎದ್ದುಬಿಡ್ತೈತೆ. ಪಕ್ಕದ ಕೆಂಪು ಗುಂಡೀನೂ ಜತಿಗೆ ಅದುಮ್ಬೇಕು. ಎರಡು ಬೆರಳು, ಒಟ್ಟಿಗೆ. ಗೊತ್ತಾಯ್ತಾ?"

"ಕೆಂಪು ಗುಂಡಿ ಯಾತಕ್ಕೆ?"

"ಯಾತಕ್ಕೂ ಇಲ್ಲ. ಅದರ ತಂತಿ ರಿಪೇರಿಯೋನು ಯಾವಾಗ್ಲೋ ಕಿತ್ತಾಕವ್ನೆ. ಬರೀ ಆಸರೆಗೆ ಐತೆ."

ಪಾತಣ್ಣ ಎರಡು ಬೆರಳಿಟ್ಟು ಅದುಮಿದ. ಪಿಯಾನೊ ಶುರುವಾಯಿತು. ವಠಾರಕ್ಕೆ ವಠಾರವೇ ಜಗಲಿಗೆ ಬಂದು ನೆರೆಯಿತು. ಅರೆಗಳಿಗೆಯಲ್ಲೇ ಎಲ್ಲರೂ ಒಟ್ಟಿಗೆ ಮಾತಾಡಿದರು.

"ತಗಡಿನ ಮೇಲೆ ಇಲಿ ಓಡ್ದಂಗೈತೆ" ಎಂದಳು ಯರ್ರಮ್ಮ.

"ಊದೋದಿಲ್ಲ, ಎಳೆಯೋದಿಲ್ಲ, ಬರೀ ಕುಟ್ಟೋದು" ಎಂದ ಪಾತಣ್ಣ ಮೂಗು ಮುರಿದು. "ನನ್ ಪೆಟ್ಟಿಗೇಲಿ ಒಂದು ಸ್ವರ ಹಿಡಿದ್ರೆ ಗಾಳಿ ಇರೋವರ್ಗೂ ನಿಲ್ತೈತೆ. ಇದು ಹುಟ್ಟಿದ್ ಗಳಿಗೇಲೇ ಸಾಯ್ತೈತೆ. ಇದಕ್ಕೊಂದು ಮರ್ವಾದೆ ಬೇರೆ!"

ಎದುರು ಮನೆಯ ಪ್ರದೀಪ್ ಕೆಮ್ಮಿದ. ಅವನು ಮಿಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಬಿ.ಎ.ಯನ್ನು ಮೂರನೇ ದರ್ಜೆಯಲ್ಲಿ ಮುಗಿಸಿದ್ದರೂ ನಡೆಯುವುದು ಮಾತ್ರ ಆಕ್ಸ್‌ಫರ್ಡಿನಿಂದ ಈಗ ತಾನೇ ಇಳಿದವನ ಹಾಗೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಡಾಕ್ಟರು ಗೀಚಿದ್ದನ್ನು ಅವನು ಕಣ್ಣಿಗೆ ಹತ್ತಿರ ಹಿಡಿದು ಓದಿದ.

"ಅಲೆಗ್ರೊ... ಅಂದ್ರೆ ಇದನ್ನ ಬರೆದೋರ ಹೆಸರು. ಜರ್ಮನಿಯವರು. ಆಮೇಲೆ ಎಕ್ಸ್‌ಪೊಸಿಷನ್, ಡೆವಲಪ್‌ಮೆಂಟ್, ರೀಕ್ಯಾಪಿಚುಲೇಷನ್ ಅಂತ ಮೂರು ಭಾಗ ಮಾಡವ್ರೆ."

"ಹಂಗಂದ್ರೆ ಏನ್ ಸಾರ್?" ಎಂದ ಪಾತಣ್ಣ.

"ಅದನ್ನ ಕನ್ನಡದಾಗೆ ಹೇಳೋಕೆ ಬರಲ್ಲ ಕಣ್ರಿ" ಎಂದ ಪ್ರದೀಪ್. ಗೊತ್ತಿಲ್ಲದ್ದನ್ನೆಲ್ಲ ಅವನು ಈ ಒಂದೇ ಮಾತಿನಿಂದ ದಾಟಿಸುತ್ತಿದ್ದ. ಅಲೆಗ್ರೊ ಎಂದರೆ ಯಾರ ಹೆಸರೂ ಅಲ್ಲ, ಚುರುಕಾಗಿ ನುಡಿಸು ಎಂಬ ಸೂಚನೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಟೇಪಿನಲ್ಲಿ ಒಂದು ಚೋದ್ಯ ನಡೆಯಿತು. ಮೊದಲು ಒಂದು ಗತ್ತಿನ ಧಾಟಿ ಬಂದಿತ್ತು, ಆಮೇಲೊಂದು ಮೆತ್ತಗಿನ ಧಾಟಿ ಬಂದಿತ್ತು, ಎಲ್ಲ ಸೇರಿ ಒಂದು ಘಟ್ಟ ಮುಟ್ಟಿ ನಿಂತಿತ್ತು. ಮುಗಿಯಿತು ಅಂದುಕೊಂಡರೆ ಅದೇ ಗತ್ತಿನ ಧಾಟಿ ಮೊದಲಿನಿಂದ ಶುರುವಾಯಿತು. ಒಂದು ಸ್ವರವೂ ಬದಲಿಲ್ಲ. ಪಾತಣ್ಣ ಜಗಲಿಯಿಂದ ಎದ್ದೇ ನಿಂತ.

"ಯಾವೋನ್ಲೇ ಒನ್ಸ್ ಮೋರ್ ಅಂದೋನು?"

ದುರುಗಣ್ಣ ಬೀದಿಯ ಆ ಕಡೆ ಈ ಕಡೆ ನೋಡಿದ. "ಯಾರೂ ಅಂದಿಲ್ವಲ್ಲೋ!"

ನಾಟಕ ಕಂಡವರಿಗೆ ಇದರ ಮರ್ಮ ಗೊತ್ತು. ಪಾತ್ರಧಾರಿ ರಂಗಗೀತೆ ಹಾಡಿ ಮುಗಿಸುತ್ತಾನೆ. ಮುಂದಿನ ಸಾಲಿನಲ್ಲಿ ಕೂತ ರಸಿಕ "ಒನ್ಸ್ ಮೋರ್!" ಎಂದು ಕೂಗುತ್ತಾನೆ. ಸತ್ತು ಬಿದ್ದ ದುಶ್ಶಾಸನನೂ ಎದ್ದು, ಮೈ ಕೊಡವಿಕೊಂಡು, ಅದೇ ಹಾಡನ್ನು ಮೊದಲಿನಿಂದ ಹಾಡಿ ಮತ್ತೆ ಸಾಯುತ್ತಾನೆ. ಹಾರ್ಮೋನಿಯಂನವನು ಆ ಕೂಗಿಗಾಗಿ ಕಿವಿ ನೆಟ್ಟುಕೊಂಡೇ ಇರುತ್ತಾನೆ. ಪಾತಣ್ಣನಿಗೆ ಚಕ್ಕನೆ ಹೊಳೆಯಿತು. ಈ ಅಲೆಗ್ರೊ ಎಂಬುವವನು, ಯಾರಾದರೂ ಕೂಗಲಿ ಬಿಡಲಿ ಎಂದು ಒನ್ಸ್ ಮೋರನ್ನು ತಾನೇ ಬರೆದುಕೊಂಡುಬಿಟ್ಟಿದ್ದಾನೆ!

"ಎಂಥಾ ಗಟ್ಟಿ ಕುಳ ಇವನು!" ಎಂದ ಪಾತಣ್ಣ. "ಇದು ನಾಟಕ ಕಣ್ಲೇ ದುರುಗ. ಅಪ್ಪಟ ನಾಟಕ."

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿರಲಿಲ್ಲ. ಹಾರ್ಮೋನಿಯಂ ಹೊರಗೆ ತಂದ. ಎರಡು ಬೆರಳಲ್ಲಿ ಗುಂಡಿ ಅದುಮುವುದು, ಸ್ವಲ್ಪ ಕೇಳುವುದು, ನಿಲ್ಲಿಸಿ ತನ್ನ ಪೆಟ್ಟಿಗೆಯಲ್ಲಿ ಹುಡುಕುವುದು, ಮತ್ತೆ ಎರಡು ಬೆರಳಲ್ಲಿ ಅದುಮುವುದು. ಗತ್ತಿನ ಧಾಟಿ ಸ-ಗ-ಪ ಎಂದು ಮೆಟ್ಟಿಲು ಹತ್ತಿ ಎದೆ ಸೆಟೆಸಿ ನಿಂತಿತು. ಅದು ರಾಜ. ಅವನ ಶ್ರುತಿ ಬಿಳಿ ಒಂದು. ಹಾರ್ಮೋನಿಯಂನವರು ಶ್ರುತಿಯನ್ನು ಕರೆಯುವುದೇ ಹಾಗೆ, ಬಿಳಿ ಪಟ್ಟಿಗಳಲ್ಲಿ ಎಷ್ಟನೆಯದು, ಕಪ್ಪಿನಲ್ಲಿ ಎಷ್ಟನೆಯದು ಎಂದು. ಪಿಯಾನೊದವನ ಎಡಗೈ ಕುಟ್ಟುವುದು ಅವನ ಕುದುರೆ. ಮೆತ್ತಗಿನ ಧಾಟಿ ರಾಣಿ. ಅವಳು ಬೇರೆ ಊರಿನವಳು, ಆದ್ದರಿಂದ ಬಿಳಿ ಐದರಲ್ಲಿ ಹಾಡುತ್ತಾಳೆ. ಒನ್ಸ್ ಮೋರ್ ಆದಮೇಲೆ ಇಬ್ಬರಿಗೂ ಕಾಡು. ರಾಜನ ಹಾಡು ತುಂಡು ತುಂಡಾಗಿ ಕಪ್ಪು ಎರಡರಲ್ಲಿ ಒಂದಿಷ್ಟು, ಕಪ್ಪು ನಾಲ್ಕರಲ್ಲಿ ಒಂದಿಷ್ಟು ಅಲೆಯುತ್ತದೆ, ಎಡಗೈ ಗುಡುಗುತ್ತದೆ. ಇನ್ನೇನು ಕಥೆ ಮುಗಿಯಿತು ಎನ್ನುವಾಗ ರಾಜ ತನ್ನ ಬಿಳಿ ಒಂದಕ್ಕೆ ವಾಪಸು ಬಂದು ಎದೆ ಸೆಟೆಸುತ್ತಾನೆ.

ಪಾತಣ್ಣ ರಾಣಿಗಾಗಿ ಬಿಳಿ ಐದರ ಮೇಲೆ ಬೆರಳಿಟ್ಟು ಕಾದ. ರಾಣಿ ಬಂದಳು. ಬೆರಳು ಅಪಸ್ವರ ನುಡಿಯಿತು. ಇನ್ನೊಮ್ಮೆ ಹಾಕಿ ಕೇಳಿದ.

"ಅಯ್ಯೋ! ರಾಣೀನೂ ಬಿಳಿ ಒಂದಕ್ಕೇ ಬಂದವ್ಳೆ ಕಣೇ ಯರ್ರಾ!" ಎಂದು ಕೂಗಿದ. "ಮೊದ್ಲು ಅವಳ ಶ್ರುತಿ ಬ್ಯಾರೆ ಇತ್ತು. ಈಗ ಗಂಡನ ಶ್ರುತೀಲೇ ಹಾಡ್ತಾವ್ಳೆ. ಮದುವೆ ಆಯ್ತು! ಇನ್ನು ಮಂಗಳ!"

"ಚಾಲು ಚಾಲು" ಎಂದಳು ಯರ್ರಮ್ಮ. ಸಿಟ್ಟು ಬಂದಾಗ ಅವಳಿಗೆ ತೌರಿನ ತೆಲುಗು ಬರುತ್ತಿತ್ತು, ಸಾಕು ಸಾಕು ಎನ್ನುವುದು ಹೀಗಾಗುತ್ತಿತ್ತು. "ಅಷ್ಟು ದೂರದ ದೇಶದಾಗೂ ಬಗ್ಗೋಳು ಹೆಂಗ್ಸೇನಾ? ಆ ರಾಜಂಗೆ ಒಂದ್ಸಲ ಬಿಳಿ ಐದಕ್ಕೆ ಬರೋಕೆ ಏನಾಗಿತ್ತು ರೋಗ?"

ವಠಾರದ ಗಂಡಸರೆಲ್ಲ ಟೇಪಿನ ಕಡೆಗೆ ಇನ್ನಷ್ಟು ಬಗ್ಗಿ ಕೂತರು. ಪಿಯಾನೊ ಮಂಗಳ ಹಾಡಿ ಮುಗಿಸಿತು. ಮುಗಿದದ್ದೇ, ಅಳಿಸದೆ ಉಳಿದಿದ್ದ ಹಳೇ ಪ್ರಚಾರ ಗಂಟಲು ಹರಿದುಕೊಂಡು ಎದ್ದಿತು: "...ಮ್ಮೆಯ ಶುದ್ಧ ಶೇಂಗಾ ಎಣ್ಣೆ! ಇಂದೇ ಕೊಳ್ಳಿ!"

"ಇದು ಯಾರ ಪಾತ್ರ?" ಎಂದ ದುರುಗಣ್ಣ.

"ಇದು ಉಗ್ರಪ್ಪನೋರದು" ಎಂದ ಪಾತಣ್ಣ.

ಅವನ ಮುಖದಲ್ಲಿ ಬೆಳಗಿನ ಗಾಬರಿ ಇರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಖುಷಿಯಾಗಿತ್ತು. ಮುಖ ಕಾಣದ ಯಾವನೋ, ಚಳ್ಳಕೆರೆಯ ಹೆಸರೂ ಕೇಳದವನು, ತನಗೆ ಗೊತ್ತಿರುವ ನಾಟಕವನ್ನೇ ಬೆರಳಿನಲ್ಲಿ ಆಡಿ ಹೋಗಿದ್ದಾನಲ್ಲ ಎಂದು ಎದೆ ಉಬ್ಬಿತ್ತು. ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಅವನದಲ್ಲ. "ಕುಟ್ಟಿದ್ರೂ ಸುಮಾರಾಗಿ ಕುಟ್ಟವ್ನೆ" ಎಂದಷ್ಟೇ ಹೇಳಿದ. ಯರ್ರಮ್ಮ ನಾಳೆಯ ಹೋಳಿಗೆಗೆ ಬೇಳೆ ಅಳೆಯಲು ಒಳಗೆ ಹೋದಳು.

ಸಂಜೆ ದುರುಗಣ್ಣನ ಆಟೋದಲ್ಲಿ ಹಾರ್ಮೋನಿಯಂ ಸಮೇತ ಪಾತಣ್ಣ ಸ್ಕೂಲಿಗೆ ಬಂದಿಳಿದ. ದುರುಗಣ್ಣ ಗೇಟಿನಲ್ಲೇ ಕಾಯುತ್ತೇನೆಂದ. ಒಳಗಿನ ದೊಡ್ಡ ಕೋಣೆಯಲ್ಲಿ ಕಮಿಟಿ ಕೂತಿತ್ತು. ನಡುವಿನ ಕುರ್ಚಿಯಲ್ಲಿ ಕೆನ್ನೆ ಊದಿದ ಉಗ್ರಪ್ಪನವರು. ಅವರ ಎಡಕ್ಕೆ ಹೆಡ್ ಮೇಡಂ ಶಾಂತಕುಮಾರಿ. ಉಗ್ರಪ್ಪನವರು ಸೀನಿದರೂ "ಎಕ್ಸಲೆಂಟ್ ಸರ್" ಎನ್ನುವುದು ಆಯಮ್ಮನ ಉದ್ಯೋಗ. ಬಲಕ್ಕೆ ಶೇಂಗಾ ಮಂಡಿಯ ಕ್ಯಾತಣ್ಣನವರು, ನಾಟಕವೆಂದರೆ ಅನ್ನ ಬಿಡುವ ಪೈಕಿ. ಹಿಂದೆ ಗೋಡೆಗೆ ಒರಗಿ ಪ್ರದೀಪ್. ಮೇಜಿನ ಮೇಲೆ ಸ್ಕೂಲಿನ ಹೊಸ ಟೇಪ್ ರೆಕಾರ್ಡರ್ ಕೂತಿತ್ತು. ಧೂಳು ಬೀಳದಿರಲೆಂದು ಉಗ್ರಪ್ಪನವರು ಅದನ್ನು ಕೊಂಡಂದಿನಿಂದ ಬೀರುವಿನಲ್ಲೇ ಇಟ್ಟಿದ್ದರು. ಅದನ್ನು ಮುಟ್ಟಿ ಕೆಡಿಸಿದವರ ಸಂಬಳದಲ್ಲಿ ಹಿಡಿಯುವುದಾಗಿ ಹಿಂದೆಯೇ ನೋಟೀಸು ಹಚ್ಚಿದ್ದರು.

ಪಾತಣ್ಣ ಕ್ಯಾಸೆಟ್ ಹಾಕಿದ. ಬೆಳಗಿನಿಂದ ಪಳಗಿದ ಎರಡು ಬೆರಳು ತಾವಾಗಿಯೇ ಹೋಗಿ, ಹಾಡುವ ಗುಂಡಿಯನ್ನೂ ಪಕ್ಕದ ಕೆಂಪು ಗುಂಡಿಯನ್ನೂ ಒಟ್ಟಿಗೆ ಅದುಮಿದವು.

ಕ್ಯಾಸೆಟ್ ತಿರುಗಿತು. ಸದ್ದು ಬರಲಿಲ್ಲ.

"ಬರ್ತೈತೆ, ಈಗ ಬರ್ತೈತೆ" ಎಂದ ಪಾತಣ್ಣ. ಬರಲಿಲ್ಲ. ಸದ್ದಿನ ತಿರುಗಣೆಯನ್ನು ಸ್ವಲ್ಪ ತಿರುಗಿಸಿದ. ಇನ್ನೂ ಸ್ವಲ್ಪ ತಿರುಗಿಸಿದ. ಕೊನೆಗೆ ಅದು ತಿರುಗುವಷ್ಟೂ ತಿರುಗಿಸಿಬಿಟ್ಟ. ಹೊಸ ಮಿಷನ್ ಕೆಟ್ಟಿದೆ ಎಂದರೆ ಕೆಡಿಸಿದವನು ತಾನೇ ಆಗುತ್ತೇನೆ. ಕಾಯಂ ಅತ್ತ ಇರಲಿ, ಈ ತಿಂಗಳ ಸಂಬಳವೂ ಹೋಗುತ್ತದೆ. ನಾಳೆ ಭಾವಮೈದುನರ ಮುಂದೆ ಹೋಳಿಗೆ ಬಡಿಸುತ್ತಾ ಏನು ಹೇಳುವುದು?

ಉಗ್ರಪ್ಪನವರು ಎಲ್ಲರ ಮುಖ ನೋಡಿದರು. ಅವರ ಪಾಲಿಗೆ ಇದೇನು ಹೊಸತಲ್ಲ. ಎಲ್ಲರಿಗೂ ಕೇಳುತ್ತಿದೆ, ತನಗೊಬ್ಬನಿಗೆ ಇಲ್ಲ ಎಂದುಕೊಂಡು ಕಣ್ಣು ಅರೆ ಮುಚ್ಚಿ, ತಲೆ ತೂಗತೊಡಗಿದರು.

ಯಜಮಾನರು ತಲೆ ತೂಗುವುದನ್ನು ಕಂಡ ಶಾಂತಕುಮಾರಿ ಮೇಡಂಗೆ ದಿಕ್ಕು ತೋಚಲಿಲ್ಲ. ಆ ಕಿವಿಗೇ ಕೇಳುತ್ತಿರುವುದು ತನಗೆ ಕೇಳುತ್ತಿಲ್ಲ ಎಂದು ಹೇಗೆ ಹೇಳುವುದು? "ವೆರಿ ಸಾಫ್ಟ್ ಮ್ಯೂಸಿಕ್ ಸರ್. ತುಂಬಾ ಸೂಕ್ಷ್ಮವಾಗಿದೆ" ಎಂದರು. ಸೂಕ್ಷ್ಮ ಎಂಬ ಮಾತು ಬಿದ್ದಮೇಲೆ ಕ್ಯಾತಣ್ಣನವರೂ ಮಂಡಿಯವನೆಂದರೆ ಒರಟ ಅಂದುಕೊಂಡಾರೆಂದು ಹೆದರಿ ತೊಡೆಯ ಮೇಲೆ ತಾಳ ಹಾಕಿದರು. ನಿಶ್ಶಬ್ದಕ್ಕೆ ಆದಿತಾಳ! ಇದನ್ನೆಲ್ಲ ಪಾತಣ್ಣ ಕಣ್ಣಾರೆ ಕಂಡ. ಇವರ ಯೋಗ್ಯತೆ ಇಷ್ಟೇ ಎಂದು ಮನಸ್ಸಿನಲ್ಲೇ ಉಗಿದು, ಗಂಟಲು ಸರಿಮಾಡಿಕೊಂಡ.

"ಈಗ ನೀವು ಕೇಳ್ತಾ ಇರೋದು ರಾಜ" ಎಂದು ಶುರುಮಾಡಿದ. "ಸ-ಗ-ಪ ಅಂತ ಬಂದ, ಬಿಳಿ ಒಂದರಾಗೆ ನಿಂತ. ನೋಡ್ರಿ ಅವನ ಗತ್ತು!" ಎಂದು ಬಾಯಲ್ಲೇ ಧಾಟಿ ಹಾಡಿದ, ಹಾರ್ಮೋನಿಯಂನಲ್ಲಿ ನುಡಿಸಿದ. ರಾಣಿಯನ್ನು ಬಿಳಿ ಐದರಲ್ಲಿ ಕರೆತಂದ. ಧಾಟಿ ಮುಗಿದು ಘಟ್ಟ ಮುಟ್ಟಿದಾಗ ಕ್ಯಾತಣ್ಣನವರಿಗೆ ತಡೆಯಲಾಗಲಿಲ್ಲ.

"ಒನ್ಸ್ ಮೋರ್!" ಎಂದು ಮೇಜು ಗುದ್ದಿದರು.

"ಆಹಾ! ಸಾಹುಕಾರ್ರೇ, ಇದನ್ನ ಬರೆದೋನೂ ಇಲ್ಲೇ ಅದನ್ನೇ ಬರೆದವ್ನೆ!" ಎಂದ ಪಾತಣ್ಣ. ರಾಜ ರಾಣಿ ಇನ್ನೊಮ್ಮೆ ಬಂದರು. ಆಮೇಲೆ ಕಾಡು. ಪಾತಣ್ಣ ಗುಡುಗಿದ, ಅಲೆದ, ಕಪ್ಪು ಎರಡರಲ್ಲಿ ಅತ್ತ. ಕಡೆಗೆ ರಾಣಿ ತನ್ನ ಬಿಳಿ ಐದನ್ನು ಬಿಟ್ಟು ರಾಜನ ಬಿಳಿ ಒಂದಕ್ಕೆ ಬಂದು ಹಾಡುವಾಗ ಕ್ಯಾತಣ್ಣನವರು ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ಮಂಗಳ ಮುಗಿದು ಪಾತಣ್ಣ ಮಿಷನ್ ನಿಲ್ಲಿಸಿದಾಗ ಇಡೀ ಕಮಿಟಿ ಚಪ್ಪಾಳೆ ತಟ್ಟಿತು. ಎಲ್ಲರೂ ತಟ್ಟುವುದನ್ನು ನೋಡಿ ಉಗ್ರಪ್ಪನವರೂ ತಟ್ಟಿದರು.

"ಭಲೇ ಮೇಷ್ಟ್ರೇ! ಸುಲ್ದು ಕೈಗಿಟ್ರಿ. ಮಾತು ಅಂದ್ರೆ ಮಾತು. ಕಾಯಂ!" ಎಂದರು.

ಆ ಒಂದು ಪದಕ್ಕಾಗಿ ಪಾತಣ್ಣ ಎಷ್ಟು ಜೂನ್ ಕಾದಿದ್ದ! ಕಣ್ಣು ಮಂಜಾಯಿತು. ಕೈಮುಗಿದ. ಅಷ್ಟಕ್ಕೆ ನಿಂತಿದ್ದರೆ ಅವನು ಮನೆಗೆ ಹೋಗಿ ಮಲಗುತ್ತಿದ್ದ, ನಾನೂ ಈ ಕಥೆ ಹೇಳುತ್ತಿರಲಿಲ್ಲ. ಆದರೆ ಕ್ಯಾತಣ್ಣನವರ ನಾಟಕದ ಹುಚ್ಚು ಇನ್ನೂ ಇಳಿದಿರಲಿಲ್ಲ.

"ಇನ್ನೊಂದ್ಸಲ ಹಾಕ್ರಿ. ಈಗ ಎಲ್ಲಾ ಗೊತ್ತಾತಲ್ಲ, ಬರೀ ಪಿಯಾನೊ ಕೇಳಾನ" ಎಂದರು.

ಪ್ರದೀಪ್ ಮುಂದೆ ಬಂದು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಒಂದೇ ಬೆರಳಿನಲ್ಲಿ ಒಂದೇ ಗುಂಡಿ ಒತ್ತಿದ. ಪಾತಣ್ಣ ತಿರುಗಿಸುವಷ್ಟೂ ತಿರುಗಿಸಿಟ್ಟಿದ್ದ ಸದ್ದು ಗೋದಾಮಿನ ತಗಡು ನಡುಗುವಂತೆ ಎದ್ದಿತು:

"ಬರ್ತೈತೆ, ಈಗ ಬರ್ತೈತೆ!"

ಪಾತಣ್ಣನದೇ ದನಿ. ಅದರ ಹಿಂದೆಯೇ, "ವೆರಿ ಸಾಫ್ಟ್ ಮ್ಯೂಸಿಕ್ ಸರ್!" ಶಾಂತಕುಮಾರಿ ಮೇಡಂ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ರಾಜ ಬಂದ, ರಾಣಿ ಬಂದಳು, "ಒನ್ಸ್ ಮೋರ್!" ಎಂದು ಕ್ಯಾತಣ್ಣನವರು ಟೇಪಿನೊಳಗಿಂದ ಕೂಗಿದರು. ಪಿಯಾನೊ ಮಾತ್ರ ಎಲ್ಲೂ ಇರಲಿಲ್ಲ.

"ರೆಕಾರ್ಡ್ ಗುಂಡಿ ಒತ್ಬಿಟ್ಟವ್ರೆ ಸರ್" ಎಂದ ಪ್ರದೀಪ್ ತಣ್ಣಗೆ, ಯಜಮಾನರ ಕಿವಿಯ ಹತ್ತಿರ ಬಗ್ಗಿ. "ಸೊನಾಟ ಅಳಿಸಿ ಹೋಗೈತೆ. ಅದರ ಮೇಲೆ ಇವರ ಪಾಠ ಕೂತೈತೆ. ಒತ್ತುವಾಗ್ಲೇ ನೋಡ್ದೆ ನಾನು."

"ಮತ್ಯಾಕೆ ಹೇಳ್ಲಿಲ್ಲ ಸಾರ್?" ಎಂದ ಪಾತಣ್ಣ ಅಳುವ ದನಿಯಲ್ಲಿ.

"ಅದೇ ಪದ್ಧತಿ ಇರಬೇಕು ಅಂದ್ಕೊಂಡೆ."

ಪಾತಣ್ಣ ಬೆಂಗಳೂರಿನಿಂದ ಬಂದ ಕ್ಯಾಸೆಟ್ಟನ್ನೇ ಅಳಿಸಿದ್ದಾನೆ. ಇನ್ನು ಉಗ್ರಪ್ಪನವರು ಕೂಗುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಕಣ್ಣು ಮುಚ್ಚಿ ಕಾದ. ಕೂಗು ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಉಗ್ರಪ್ಪನವರು ಕುರ್ಚಿಯನ್ನು ಟೇಪಿನ ಹತ್ತಿರಕ್ಕೆ ಎಳೆದುಕೊಂಡು, ಬಾಯಿ ತೆರೆದು ಕೇಳುತ್ತಿದ್ದಾರೆ! ಆ ಅಬ್ಬರದ ದನಿ ಅವರಿಗೆ ಪ್ರತಿ ಅಕ್ಷರವೂ ಕೇಳುತ್ತಿತ್ತು. ಬಹಳ ವರ್ಷಗಳ ಮೇಲೆ ಅವರಿಗೆ ಸ್ಪಷ್ಟವಾಗಿ ಕೇಳಿಸಿದ ಮೊದಲ ಮಾತು ಅದು.

"ಹೋದ್ರೆ ಹೋಗ್ಲಿ ಬಿಡ್ರಿ ಆ ಟುಂಯ್ ಟುಂಯ್" ಎಂದರು ಕೈಯಾಡಿಸಿ. "ಇದೇ ಬಾಳಾ ಚೆನ್ನಾಗೈತೆ. ಮೇಷ್ಟ್ರು ಎದುರಿಗೆ ಹೇಳಿದ್ದಕ್ಕಿಂತ ಟೇಪು ನಿಚ್ಚಳವಾಗಿ ಹೇಳ್ತೈತೆ. ಪಾಠ ಪೂರ್ತಿ ಬಂದೈತಾ?"

"ಪೂರ್ತಿ ಬಂದಿದೆ ಸರ್, ಎಕ್ಸಲೆಂಟ್" ಎಂದರು ಮೇಡಂ.

"ಹಂಗಾದ್ರೆ ಬರೋ ವರ್ಷಕ್ಕೂ ಇದೇ ಹಾಕ್ಬೋದಲ್ಲ?" ಉಗ್ರಪ್ಪನವರ ಮುಖದಲ್ಲಿ ಲೆಕ್ಕ ಕೂಡಿದವರ ಕಳೆ ಬಂತು. "ಅದರ ಮುಂದಿನ ವರ್ಷಕ್ಕೂ?"

ಪಾತಣ್ಣನಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಈಗ ತಿಳಿಯಿತು. "ಯಜಮಾನ್ರೇ, ನಂದು ಕಾಯಂ ಅಂದ್ರಲ್ಲ..." ಎಂದ. ಎಂದೂ ಇಲ್ಲದೆ ಜೋರಾಗಿಯೇ ಕೂಗಿದ.

"ಮಾತಿಗೆ ತಪ್ಪೋ ಜಾಯಮಾನ ನಂದಲ್ಲ ಮೇಷ್ಟ್ರೇ. ಕಾಯಂ ಅಂದ್ಮೇಲೆ ಕಾಯಂ. ಪ್ರದೀಪ್, ಇದನ್ನ ಇನ್ಯಾರೂ ಅಳಿಸ್ದಂಗೆ ಮಾಡೋಕೆ ಬರ್ತೈತಾ?"

"ಬರ್ತೈತೆ ಸರ್. ಬೆನ್ನಿಗೆ ಒಂದು ಪ್ಲಾಸ್ಟಿಕ್ ಚೂರು ಇರ್ತೈತೆ. ಅದನ್ನ ಮುರಿದ್ರೆ ಆಯ್ತು, ಈ ಪಾಠ ಇನ್ನು ಅಳಿಯಲ್ಲ."

ಪ್ರದೀಪ್ ಪೆನ್ನಿನ ತುದಿಯಿಂದ ಆ ಚೂರನ್ನು ಟಕ್ಕೆಂದು ಮುರಿದ. ಉಗ್ರಪ್ಪನವರು ಕ್ಯಾಸೆಟ್ಟನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡ್ರಿ, ಕಾಯಂ ಆದ್ರು ಮೇಷ್ಟ್ರು! ಇನ್ನು ನಿಮ್ಮನ್ನ ಈ ಸ್ಕೂಲಿಂದ ತೆಗೆಯೋ ಗಂಡಸು ಹುಟ್ಟಿಲ್ಲ."

"ಮತ್ತೆ... ನಾನು?"

"ಎಣ್ಣೆ ಬಂದ್ಮೇಲೆ ಹಿಂಡೀನ ಗಾಣದಾಗೆ ಇಟ್ಕಂತಾರೇನ್ರಿ?" ಎಂದರು ಉಗ್ರಪ್ಪನವರು ಪ್ರೀತಿಯಿಂದ. "ಸೋಮವಾರ ಒಂದ್ಸಲ ಬಂದು ಹೋಗ್ರಿ. ಕ್ಯಾಸೆಟ್ಟಿನ ಆ ಮಗ್ಗಲು ಖಾಲಿ ಐತೆ. ಬೆಳಗಿನ ಪ್ರಾರ್ಥನೆ, ಆಗಸ್ಟ್ ಹದಿನೈದರ ಹಾಡು, ವಾರ್ಷಿಕೋತ್ಸವದ ಸ್ವಾಗತ ಗೀತೆ, ಎಲ್ಲಾ ಹಾಡ್ಬಿಟ್ಟು ಹೋದ್ರೆ ಆ ಬಳ್ಳಾರಿ ಹುಡುಗನ್ನ ಕರೆಸೋ ತಾಪತ್ರಯನೂ ತಪ್ತೈತೆ. ಹಾರ ಹಾಕಿ ಕಳಿಸ್ತೀವಿ."

"ಎಕ್ಸಲೆಂಟ್ ಸರ್" ಎಂದರು ಶಾಂತಕುಮಾರಿ ಮೇಡಂ.

ಪಾತಣ್ಣ ಕ್ಯಾತಣ್ಣನವರ ಮುಖ ನೋಡಿದ. ಈಗ ತಾನೇ ತನ್ನ ರಾಣಿಗಾಗಿ ಅತ್ತವರು ಅವರು. ಕ್ಯಾತಣ್ಣನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದರು. ಪಾತಣ್ಣ ಹಾರ್ಮೋನಿಯಂ ಮುಚ್ಚಿ, ಎತ್ತಿಕೊಂಡು ಹೊರಗೆ ಬಂದ. ಬೆಳಗಿನಿಂದ ಅದೇ ಪೆಟ್ಟಿಗೆ, ಈಗ ಮಾತ್ರ ಹೊರಲಾರದಷ್ಟು ಭಾರವಾಗಿತ್ತು.

ಗೇಟಿನಲ್ಲಿ ದುರುಗಣ್ಣ ಆಟೋದೊಳಗೆ ಕಾಲು ಚಾಚಿ ಕೂತಿದ್ದ. ಒಳಗಿನಿಂದ ಪಾತಣ್ಣನ ದನಿ ಬೀದಿಗೆಲ್ಲ ಕೇಳುತ್ತಿತ್ತು. ರಾಣಿ ಬಿಳಿ ಐದನ್ನು ಬಿಟ್ಟು ಬರುತ್ತಿದ್ದಳು.

"ಏನ್ಲೇ, ನೀನು ಇಲ್ಲೈದೀಯ, ನಿನ್ ದನಿ ಅಲ್ಲೈತೆ!" ಎಂದ ದುರುಗಣ್ಣ. "ಕಾಯಂ ಆಯ್ತಾ?"

"ಆಯ್ತು" ಎಂದ ಪಾತಣ್ಣ. ಹಾರ್ಮೋನಿಯಂ ಅನ್ನು ಹಿಂದಿನ ಸೀಟಿನಲ್ಲಿಟ್ಟು ಅದರ ಪಕ್ಕ ಕುಸಿದು ಕೂತ.

"ಭಲೇ! ಮಿಷನ್ ಏನೂ ತೊಂದ್ರೆ ಕೊಡ್ಲಿಲ್ಲ ತಾನೆ? ಎರಡು ಬೆರಳು, ಒಟ್ಟಿಗೆ ಅದುಮಿದ್ಯಾ?"

ಪಾತಣ್ಣ ತನ್ನ ಎರಡು ಬೆರಳನ್ನೊಮ್ಮೆ ನೋಡಿಕೊಂಡು, ದುರುಗಣ್ಣನ ಕತ್ತನ್ನೇ ನೋಡುತ್ತಿದ್ದ.

"ನಾನ್ ಹೇಳ್ಕೊಟ್ಟಂಗೆ ಮಾಡಿದ್ದಕ್ಕೇ ಇಷ್ಟು ಚೆನ್ನಾಗಿ ಬಂದಿರೋದು" ಎಂದು ದುರುಗಣ್ಣ ಆಟೋ ಶುರುಮಾಡಿದ. "ನಾಳೆ ಹೋಳಿಗೆಗೆ ನನ್ನ ಮರೀಬ್ಯಾಡ ಮತ್ತೆ."

ಒಳಗೆ ಮಂಗಳ ಮುಗಿಯಿತು. ಅದರ ಬೆನ್ನಿಗೇ ಉಗ್ರಪ್ಪನವರ ದನಿ ಕೇಳಿಸಿತು.

"ಒನ್ಸ್ ಮೋರ್!"